ಮೇಜಿನ ಆಚೆಗೆ ನಾದಿನಿ

ಗ್ಯಾಸು, ಎಣ್ಣೆ ಎರಡೂ ಒಟ್ಟಿಗೆ ದುಬಾರಿಯಾದ ವರ್ಷ ಹಾಲಮ್ಮ ಮನೆಯ ಎರಡು ಅಡುಗೆಮನೆಗಳನ್ನು ಒಂದು ಮಾಡಿದರು. ಭದ್ರಾವತಿಯ ಜನ್ನಾಪುರದಲ್ಲಿದ್ದ ಆ ಮನೆಯ ಕೆಳಗಡೆ ಹಾಲಮ್ಮ, ಮಗ ಚಂದ್ರು, ಸೊಸೆ ಸಂಧ್ಯಾ, ಮೊಮ್ಮಗಳು ದಿವ್ಯಶ್ರೀ ಇದ್ದರು. ಮಹಡಿಯಲ್ಲಿ ಮಗಳು ವೀಣಾ. ಅವಳ ಗಂಡ ಗುರುವಿಗೆ ಹರಿಹರದಲ್ಲಿ ಕೆಲಸ. ಶನಿವಾರ ಬಂದರೆ ಸೋಮವಾರ ಬೆಳಗ್ಗೆ ಹೊರಟುಬಿಡುತ್ತಿದ್ದ.

"ನಾವು ಇಡೋ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದ್ರೆ ನಿನ್ನ ಊಟಾನೂ ಆಗುತ್ತೆ. ಒಬ್ಬಳಿಗೋಸ್ಕರ ಮೇಲೊಂದು ಸಿಲಿಂಡರ್ ಯಾಕೆ ಉರಿಸ್ತೀಯ?" ಎಂದಿದ್ದರು ಹಾಲಮ್ಮ.

ವೀಣಾ ಮೊದಮೊದಲು ಮುಖ ಸಿಂಡರಿಸಿದಳು. ಆಮೇಲೆ ಅವಳಿಗೇ ಅದು ಹಿತವೆನಿಸಿತು. ಕೆಲಸ ಮುಗಿಸಿ ಬಂದು ಕೈಕಾಲು ತೊಳೆದುಕೊಂಡರೆ ಬಿಸಿ ಸಾರು ಕಾದಿರುತ್ತಿತ್ತು. ಅದಕ್ಕೆ ಬದಲಾಗಿ ಭಾನುವಾರದ ಅಡುಗೆ ಅವಳದು.

ಅತ್ತಿಗೆ, ನಾದಿನಿ ಇಬ್ಬರಿಗೂ ಒಂದೇ ಕಡೆ ನೌಕರಿ. ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವ ಸರ್ಕಾರಿ ನಿಗಮವದು. ಪ್ರೆಸ್ಸು ಭದ್ರಾವತಿಯಲ್ಲಿ, ಆಡಳಿತ ಕಚೇರಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ವೀಣಾ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿದ್ದಳು. ಸಂಧ್ಯಾ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಸಹಾಯಕ ವ್ಯವಸ್ಥಾಪಕಿ. ಇಷ್ಟು ವರ್ಷ ಇದರಿಂದ ಯಾವ ತೊಡಕೂ ಆಗಿರಲಿಲ್ಲ. ಒಬ್ಬಳು ಬೆಳಗ್ಗೆ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದಳು, ಇನ್ನೊಬ್ಬಳು ಸ್ಕೂಟರಿನಲ್ಲಿ ಪ್ರೆಸ್ಸಿಗೆ ಹೋಗುತ್ತಿದ್ದಳು.

ನಿಗಮದ ಕಾರ್ಮಿಕರ ಸಂಬಳ ಐದು ವರ್ಷದಿಂದ ಪರಿಷ್ಕರಣೆಯಾಗಿರಲಿಲ್ಲ. ಫೆಬ್ರವರಿಯಲ್ಲಿ ಕೊನೆಗೂ ಮಾತುಕತೆ ನಡೆಸುವುದೆಂದಾಯಿತು. ಆಡಳಿತದ ಕಡೆಯಿಂದ ಜನರಲ್ ಮ್ಯಾನೇಜರ್ ಮೂರ್ತಪ್ಪನವರ ಜೊತೆಗೆ ಸಂಧ್ಯಾಳನ್ನು ಹಾಕಿದರು. ಆ ಸಂಜೆ ಮನೆಗೆ ಬಂದು ವಿಷಯ ಹೇಳಬೇಕೆಂದು ಅವಳು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ವೀಣಾಳ ದನಿ ಕೇಳಿಸಿತು.

"ಅಮ್ಮ, ಯೂನಿಯನ್‌ನೋರು ಮಾತಾಡೋದಕ್ಕೆ ನನ್ನನ್ನ ಕಳಿಸ್ತಿದಾರೆ. ಅಧ್ಯಕ್ಷರು ನಾಗಯ್ಯನೋರಿಗೆ ಗಂಟಲು ಆಪರೇಶನ್ ಆಗಿದೆಯಲ್ಲ, ಅವರಿಗೆ ಜೋರಾಗಿ ಮಾತಾಡೋಕೆ ಆಗಲ್ಲ. ಪಕ್ಕದಲ್ಲಿ ಕೂತಿರ್ತಾರೆ, ಮಾತೆಲ್ಲ ನಂದೇ."

ಸಂಧ್ಯಾ ಬಾಗಿಲಲ್ಲೇ ನಿಂತಳು. "ವೀಣಾ, ಮೇಜಿನ ಈಚೆ ಕಡೆ ಯಾರನ್ನ ಹಾಕಿದಾರೆ ಗೊತ್ತಾ?"

ವೀಣಾ ತಿರುಗಿ ನೋಡಿದಳು. ಅತ್ತಿಗೆಯ ಮುಖ ನೋಡುತ್ತಲೇ ಅವಳಿಗೆ ಅರ್ಥವಾಯಿತು. "ಅಯ್ಯೋ ಮಾರಾಯ್ತಿ!" ಎಂದು ಹಣೆ ಚಚ್ಚಿಕೊಂಡು ನಗತೊಡಗಿದಳು. ಸಂಧ್ಯಾಳಿಗೂ ನಗು ತಡೆಯಲಾಗಲಿಲ್ಲ.

ಹಾಲಮ್ಮ ಮಾತ್ರ ನಗಲಿಲ್ಲ. "ನಗ್ತೀರ, ನಗಿ. ನಾಳೆ ಇದೇ ಜಗಳ ಆಗುತ್ತೆ. ಇವತ್ತಿಂದ ಈ ಅಡುಗೆಮನೇಲಿ ಸಂಬಳದ ಮಾತು ಎತ್ತಂಗಿಲ್ಲ. ಪರ್ಸೆಂಟು ಗಿರ್ಸೆಂಟು ಎಲ್ಲ ಹೊಸಲಿನ ಆಚೆಗೆ."

"ಅಜ್ಜಿ, ನಂಗೆ ಗಣಿತದಲ್ಲಿ ಅದೇ ಪಾಠ ನಡೀತಿದೆ. ಯಾರ ಹತ್ರ ಹೇಳಿಸ್ಕೊಳ್ಲಿ?" ಎಂದಳು ದಿವ್ಯಶ್ರೀ.

"ನಿಮ್ಮಪ್ಪನ ಹತ್ರ" ಎಂದರು ಹಾಲಮ್ಮ. ಹೊಸಮನೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಚಂದ್ರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನ ಸಂಧ್ಯಾ ಮೂರ್ತಪ್ಪನವರ ಬಳಿ ಹೋಗಿ, ಕಾರ್ಮಿಕರ ಪರವಾಗಿ ಮಾತಾಡುವವಳು ತನ್ನ ನಾದಿನಿ, ಒಂದೇ ಮನೆಯಲ್ಲಿದ್ದೇವೆ, ತನ್ನನ್ನು ಬಿಟ್ಟು ಬೇರೆಯವರನ್ನು ಹಾಕಿಕೊಳ್ಳುವುದು ಒಳ್ಳೆಯದು ಎಂದಳು. ಮೂರ್ತಪ್ಪ ನಿಧಾನದ ಮನುಷ್ಯ, ನಿವೃತ್ತಿಗೆ ಹತ್ತಿರವಾಗಿದ್ದರು.

"ಭದ್ರಾವತೀಲಿ ಯಾರಿಗೆ ಯಾರು ನೆಂಟರಲ್ಲ ಹೇಳಮ್ಮ? ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಅವರ ಕಡೆಯೋರಿಗೂ ಇದು ಗೊತ್ತಿರಲಿ ಅಷ್ಟೆ" ಎಂದರು. ಅದರಂತೆ ನಾಗಯ್ಯನವರಿಗೂ ತಿಳಿಸಿದರು. ನಾಗಯ್ಯ ತಮ್ಮ ಒಡಕು ದನಿಯಲ್ಲಿ, "ನಮಗೇನೂ ತೊಂದ್ರೆ ಇಲ್ಲ ಸಾರ್" ಎಂದರಂತೆ.

ಶಿವಮೊಗ್ಗದ ಕಚೇರಿಯಲ್ಲಿ ನಡೆದ ಮೊದಲನೆಯ ಸಭೆಗೆ ವೀಣಾ ಇಸ್ತ್ರಿ ಮಾಡಿದ ನೀಲಿ ಸೀರೆಯುಟ್ಟು ಬಂದಿದ್ದಳು. ಅಷ್ಟು ದೊಡ್ಡ ಮೇಜಿನ ಎದುರು ಅವಳು ಕೂತದ್ದು ಅದೇ ಮೊದಲು. ಅವಳು ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಮತ್ತೆ ಮಡಚಿ ಬಿಚ್ಚುತ್ತಿರುವುದು ಸಂಧ್ಯಾಳಿಗೆ ಕಾಣುತ್ತಿತ್ತು. ನೀರಿನ ಲೋಟ ಅವಳತ್ತ ಸರಿಸಬೇಕೆನಿಸಿತು. ಸರಿಸಲಿಲ್ಲ.

"ಮೇಡಂ, ಸಾರ್" ಎಂದು ವೀಣಾ ಶುರು ಮಾಡಿದಳು. ಆ 'ಮೇಡಂ' ತನಗೆ ಹೇಳಿದ್ದು ಎಂದು ಸಂಧ್ಯಾಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. "ಐದು ವರ್ಷದ ಹಿಂದೆ ನಾನು ಸಂತೆಗೆ ಹೋದ್ರೆ ಚೀಲ ತುಂಬ್ಕೊಂಡು ಬರ್ತಿದ್ದೆ. ಈಗ ಜಾಸ್ತಿ ದುಡ್ಡು ತಗೊಂಡು ಹೋಗಿ ಅರ್ಧ ಚೀಲ ತರ್ತೀನಿ. ನಮ್ಮ ಪ್ರೆಸ್ಸಲ್ಲಿ ಮಕ್ಕಳಿಗೆ ಹಾಲು ಕಡಿಮೆ ಮಾಡಿದೋರಿದಾರೆ. ಬೇಳೆ ಬಿಟ್ಟು ಬರೀ ಹುಣಸೆ ಸಾರು ಮಾಡೋರಿದಾರೆ. ನಾವು ಐಷಾರಾಮ ಕೇಳ್ತಿಲ್ಲ. ಆಗ ಏನು ತಿಂತಿದ್ವೋ ಅದನ್ನೇ ಈಗಲೂ ತಿನ್ನೋ ಹಾಗೆ ಮಾಡ್ಕೊಡಿ ಅಂತೀವಿ."

ಯೂನಿಯನ್ನಿನ ಬೇಡಿಕೆ ಶೇಕಡಾ ಇಪ್ಪತ್ತು. ಉತ್ತರ ಕೊಡುವುದು ಸಂಧ್ಯಾಳ ಸರದಿ. ಆ ಚೀಲದ ಒಂದು ಹಿಡಿಯನ್ನು ಎಷ್ಟೋ ಶನಿವಾರ ಅವಳೇ ಹಿಡಿದು ನಡೆದಿದ್ದಳು. ಆದರೂ ಹೇಳಬೇಕಾದದ್ದನ್ನು ಹೇಳಿದಳು: ಕಾಗದ, ಶಾಯಿ, ಸಾಗಾಣಿಕೆ ಎಲ್ಲದರ ಬೆಲೆಯೂ ಏರಿದೆ, ಪುಸ್ತಕಕ್ಕೆ ಸರ್ಕಾರ ಕೊಡುವ ದರ ಮಾತ್ರ ಏರಿಲ್ಲ, ಸದ್ಯಕ್ಕೆ ಆಡಳಿತ ಕೊಡಬಲ್ಲದ್ದು ಆರು.

"ಆರಾ ಮೇಡಂ?" ಎಂದಳು ವೀಣಾ.

"ಆರು, ವೀಣಾ ಅವರೇ."

ಸಭೆ ಮುಗಿದ ಮೇಲೆ ಇಬ್ಬರೂ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಸರ್ಕಾರಿ ಬಸ್ಸಿಗೆ ಕಾದು ನಿಂತರು. ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಭದ್ರಾವತಿ, ಭದ್ರಾವತಿ ಎಂದು ಕೂಗುತ್ತ ಹೋದವು. ಸರ್ಕಾರಿ ಬಸ್ಸಿನಲ್ಲಾದರೆ ಹೆಂಗಸರಿಗೆ ಟಿಕೆಟ್ ಇಲ್ಲ. ಹಾಗಾಗಿ ಅಸಿಸ್ಟೆಂಟ್ ಮ್ಯಾನೇಜರೂ ಬೈಂಡಿಂಗಿನವಳೂ ಬಿಸಿಲಲ್ಲಿ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಬಸ್ಸು ಸಿಕ್ಕಿ ಮಲವಗೊಪ್ಪ ದಾಟಿತು.

"ಆ ಸೀರೆ ನಿಂಗೆ ಚೆನ್ನಾಗಿ ಒಪ್ಪುತ್ತೆ" ಎಂದಳು ಸಂಧ್ಯಾ.

"ನೀವೇ ಕೊಡಿಸಿದ್ದಲ್ವಾ ಅತ್ತಿಗೆ, ದೀಪಾವಳಿಗೆ."

"ಹೌದಾ? ಮರ್ತೇಹೋಗಿತ್ತು."

ಅಷ್ಟಕ್ಕೆ ಇಬ್ಬರ ಮನಸ್ಸೂ ಹಗುರವಾಯಿತು.

ಮಾರ್ಚ್ ಕಳೆಯುವುದರೊಳಗೆ ಇನ್ನೂ ಕೆಲವು ಸಭೆಗಳಾದವು. ಇಪ್ಪತ್ತು ಹದಿನೈದಕ್ಕೆ ಇಳಿಯಿತು, ಆರು ಎಂಟಕ್ಕೆ ಏರಿತು. ಅಲ್ಲಿಗೆ ನಿಂತುಬಿಟ್ಟಿತು. ಪ್ರೆಸ್ಸಿನಲ್ಲಿ ಮುಷ್ಕರದ ಮಾತು ಎದ್ದಿತು. ಜೂನ್‌ಗೆ ಶಾಲೆ ಶುರು. ಅಷ್ಟರಲ್ಲಿ ಪುಸ್ತಕ ಮಕ್ಕಳ ಕೈಗೆ ಸಿಗಬೇಕು. ಮುಷ್ಕರಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ ಎಂಬುದು ಹಲವರ ಲೆಕ್ಕ.

ಒಂದು ಮಧ್ಯಾಹ್ನ ಮೂರ್ತಪ್ಪ ಸಂಧ್ಯಾಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು. ಬೆಂಗಳೂರಿನ ಕೇಂದ್ರ ಕಚೇರಿಯವರು ಹನ್ನೊಂದರವರೆಗೆ ಹೋಗಬಹುದು ಎಂದಿದ್ದರು. ಅದಕ್ಕಿಂತ ಮೇಲೆ ಒಂದು ಚೂರೂ ಇಲ್ಲ. ಇನ್ನೊಂದು ಸಂಗತಿಯೂ ಇತ್ತು. ಮುಷ್ಕರದ ನೋಟಿಸ್ ಕೈಗೆ ಬಂದ ದಿನವೇ ಉಳಿದ ಪುಸ್ತಕಗಳ ಕೆಲಸವನ್ನು ಹೊರಗಿನ ಖಾಸಗಿ ಮುದ್ರಣಾಲಯಕ್ಕೆ ಕೊಡಲು ಬೆಂಗಳೂರಿನವರು ತಯಾರಾಗಿದ್ದರು. ಒಂದು ಸಲ ಹೊರಗೆ ಹೋದ ಕೆಲಸ ಮುಂದಿನ ವರ್ಷ ವಾಪಸ್ಸು ಬರುತ್ತದೆಂಬ ಭರವಸೆ ಇರಲಿಲ್ಲ.

"ಇದು ನಮ್ಮಿಬ್ಬರಲ್ಲೇ ಇರಲಿ. ಒಂಬತ್ತಕ್ಕೆ ಮುಗಿಸೋಕಾಗುತ್ತಾ ನೋಡೋಣ" ಎಂದರು ಮೂರ್ತಪ್ಪ.

ಅಂದಿನಿಂದ ಸಂಧ್ಯಾ ಅರ್ಧ ಊಟಕ್ಕೇ ಕೈ ತೊಳೆದು ಏಳತೊಡಗಿದಳು. ಎದುರಿಗೆ ಕೂತು ವೀಣಾ ಉಪ್ಪಿನಕಾಯಿ ಬಡಿಸುತ್ತಿದ್ದರೆ ಇವಳಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಹೇಳಿದರೆ ತನ್ನನ್ನು ನಂಬಿದ ಮೂರ್ತಪ್ಪನವರಿಗೆ ಮೋಸ. ಹೇಳದಿದ್ದರೆ ಪ್ರೆಸ್ಸಿನವರು ಕಣ್ಣು ಕಟ್ಟಿಕೊಂಡು ಹಳ್ಳಕ್ಕೆ ಬೀಳುತ್ತಾರೆ. ಚಂದ್ರು ಏನಾಯಿತೆಂದು ಕೇಳಿದ. ತಲೆನೋವು ಎಂದಳು.

ಆ ವಾರವೇ ವೀಣಾ ಕೆಳಗೆ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಮೊದಲ ದಿನ ಹಸಿವಿಲ್ಲ ಎಂದಳು. ಎರಡನೆಯ ದಿನ ಮಹಡಿಯಿಂದ ಒಗ್ಗರಣೆಯ ವಾಸನೆ ಬಂತು. ಹಾಲಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡಿದರು, ಸೊಸೆಯ ಮುಖವನ್ನೂ ನೋಡಿದರು.

"ನಾನು ಹೇಳಿರ್ಲಿಲ್ವಾ? ಏನಂದೆ ನೀನು ಅವಳಿಗೆ?"

"ಏನೂ ಅಂದಿಲ್ಲ ಅತ್ತೆ."

"ಹಾಗಾದ್ರೆ ಹೋಗಿ ಏನಾದ್ರೂ ಅನ್ನು. ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಂಗೆ ನೋಡೋಕಾಗಲ್ಲ" ಎಂದು ಒಂದು ಡಬರಿಯಲ್ಲಿ ಸೊಪ್ಪಿನ ಸಾರು ಹಾಕಿ ಕೈಗಿತ್ತರು.

ಸಂಧ್ಯಾ ಮೇಲೆ ಹೋದಾಗ ವೀಣಾ ನೆಲದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಡಬರಿ ನೋಡಿ ಅಲ್ಲೇ ಇಡಿ ಎಂಬಂತೆ ಕೈ ತೋರಿಸಿದಳು.

"ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದಳು ಸಂಧ್ಯಾ.

"ಸಿಟ್ಟು ಯಾಕೆ? ಪ್ರೆಸ್ಸಲ್ಲಿ ಏನಂತಿದಾರೆ ಗೊತ್ತಾ? 'ಇವಳು ಮನೇಲಿ ಅತ್ತಿಗೆ ಕಿವೀಲಿ ಎಲ್ಲ ಊದ್ತಾಳೆ, ಅದಕ್ಕೇ ಎಂಟಕ್ಕೆ ನಿಂತಿದೆ' ಅಂತ. ಅದಕ್ಕೂ ನಾನು ತಲೆ ಕೆಡಿಸ್ಕೊಳ್ಳಲ್ಲ. ಮಷಿನ್ ಶಬ್ದದಲ್ಲಿ ಮಾತಾಡಿ ಮಾತಾಡಿ ಅವರಿಗೆಲ್ಲ ಗಟ್ಟಿಯಾಗಿ ಹೇಳೋ ಅಭ್ಯಾಸ." ವೀಣಾ ತಟ್ಟೆ ಕೆಳಗಿಟ್ಟಳು. "ಆದ್ರೆ ಅತ್ತಿಗೆ, ನಿಮ್ಮ ಮುಖ ನಂಗೆ ಓದೋಕೆ ಬರುತ್ತೆ. ಹದಿನಾರು ವರ್ಷದಿಂದ ನೋಡ್ತಿದೀನಿ. ನಿಮಗೆ ಏನೋ ಗೊತ್ತಾಗಿದೆ. ಏನು ಅಂತ ನಾನು ಕೇಳಲ್ಲ. ಕೇಳಿದ್ರೆ ನೀವು ಹೇಳಿಬಿಡ್ತೀರೇನೋ ಅಂತ ಭಯ. ಎದುರಿಗೆ ಕೂತ್ರೆ ಕೇಳ್ಬೇಕು ಅನ್ಸುತ್ತೆ. ಅದಕ್ಕೇ ಮೇಲೆ ಊಟ ಮಾಡ್ತಿರೋದು."

ಸಂಧ್ಯಾಳಿಗೆ ಕಣ್ಣು ತುಂಬಿ ಬಂತು. ವೀಣಾ ಎದ್ದು ಬಂದು ಅವಳ ಕೈ ಹಿಡಿದುಕೊಂಡು, "ಹೋಗಿ, ಹೋಗಿ ಮಲಗಿ. ಸಾರು ನಾನು ತಿಂತೀನಿ" ಎಂದಳು.

ಬೆಳಗ್ಗೆ ಕಚೇರಿಗೆ ಹೋದವಳೇ ಸಂಧ್ಯಾ ಮೂರ್ತಪ್ಪನವರ ಕೋಣೆಗೆ ನುಗ್ಗಿದಳು.

"ಸಾರ್, ನಮ್ಮಿಬ್ಬರಲ್ಲೇ ಇರಲಿ ಅಂದ್ರಲ್ಲ, ಅದು ನನ್ನ ಕೈಲಿ ಆಗ್ತಿಲ್ಲ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ನೀವೇ ಅವರಿಗೆ ಹೇಳಿ. ಎರಡನ್ನೂ ಹೇಳಿ. ಕೆಲಸ ಹೊರಗೆ ಹೋಗುತ್ತೆ ಅನ್ನೋದನ್ನೂ, ಹನ್ನೊಂದನ್ನೂ."

"ಕೆಲಸ ಹೊರಗೆ ಹೋಗುತ್ತೆ ಅಂದ್ರೆ ಬೆದರಿಕೆ ಹಾಕಿದ ಹಾಗೆ ಆಗಲ್ವೇನಮ್ಮಾ?"

"ಅದೊಂದನ್ನೇ ಹೇಳಿದ್ರೆ ಬೆದರಿಕೆ. ನಮ್ಮ ಹತ್ರ ಇರೋದು ಇಷ್ಟು ಅಂತ ಪೂರ್ತಿ ಹೇಳಿದ್ರೆ ಹೇಗೆ ಬೆದರಿಕೆ ಆಗುತ್ತೆ ಸಾರ್? ಗೊತ್ತಿಲ್ಲದೆ ನೋಟಿಸ್ ಕೊಟ್ಟು ಆಮೇಲೆ ಗೊತ್ತಾದ್ರೆ, ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರೆ. ಆಗ ನಾವಿಬ್ಬರೂ ಏನು ಹೇಳೋದು?"

ಮೂರ್ತಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. "ಒಂಬತ್ತಕ್ಕೆ ಮುಗಿಸಿದ್ರೆ ಮೇಲಿನೋರು ನನ್ನ ಬೆನ್ನು ತಟ್ಟೋರು" ಎಂದು ತಮಗೇ ಹೇಳಿಕೊಂಡಂತೆ ಹೇಳಿದರು. ಆಮೇಲೆ, "ಬೆನ್ನು ತಟ್ಟಿಸಿಕೊಂಡು ಏನು ಮಾಡ್ಲಿ, ರಿಟೈರಾಗೋಕೆ ಇನ್ನೊಂದೇ ವರ್ಷ ಇದೆ" ಎಂದು ಫೋನ್ ಎತ್ತಿಕೊಂಡರು. ಬೆಂಗಳೂರಿನವರ ಜೊತೆ ಬಹಳ ಹೊತ್ತು ವಾದಿಸಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಸಂಧ್ಯಾ ಎಂದೂ ಕೇಳಿರಲಿಲ್ಲ. ಕೊನೆಗೆ ಫೋನಿಟ್ಟು, "ಕರೀರಿ ಅವರನ್ನ" ಎಂದರು.

ಮುಂದಿನ ಸಭೆಯಲ್ಲಿ ಮೂರ್ತಪ್ಪ ಯಾವ ಪೀಠಿಕೆಯೂ ಇಲ್ಲದೆ ಎಲ್ಲವನ್ನೂ ಹೇಳಿದರು. ವೀಣಾ ಸಂಧ್ಯಾಳನ್ನು ಒಂದು ಸಲ ನೋಡಿ, ದೃಷ್ಟಿ ಬದಲಿಸಿ, "ಸಾರ್, ನಾವು ಹೊರಗೆ ಹೋಗಿ ಮಾತಾಡ್ಕೊಂಡು ಬರ್ತೀವಿ" ಎಂದಳು.

ಅವಳೂ ನಾಗಯ್ಯನವರೂ ಕಚೇರಿಯ ಹಿಂದಿನ ಮಾವಿನ ಮರದ ಕೆಳಗೆ ನಿಂತರು. ಕಿಟಕಿಯಿಂದ ಕಾಣುತ್ತಿದ್ದರು. ನಾಗಯ್ಯ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳುವುದು, ಅವಳು ತಲೆಯಾಡಿಸುವುದು, ಮತ್ತೆ ಅಲ್ಲ ಎಂದು ಕೈಯಾಡಿಸುವುದು. ಹನ್ನೊಂದು ಸಾಲದು, ಹನ್ನೆರಡಾದರೂ ಮಾಡಿ ಎನ್ನುತ್ತಾರೆ ಎಂದುಕೊಂಡು ಸಂಧ್ಯಾ ಉತ್ತರ ಸಿದ್ಧಮಾಡಿಟ್ಟುಕೊಂಡಳು.

ವೀಣಾ ಬಂದು ಕೂತಳು. "ಹನ್ನೊಂದಕ್ಕಿಂತ ಮೇಲೆ ಇಲ್ಲ ಅನ್ನೋದನ್ನ ನಂಬ್ತೀವಿ ಸಾರ್. ಆದ್ರೆ ನಮಗೆ ಹತ್ತು ಸಾಕು."

ಮೂರ್ತಪ್ಪ ಕನ್ನಡಕ ತೆಗೆದರು.

"ಉಳಿದ ಒಂದನ್ನ ಗುತ್ತಿಗೆ ಹೆಂಗಸರಿಗೆ ಹಾಕಿ. ಬೈಂಡಿಂಗಲ್ಲಿ ನಮ್ಮ ಪಕ್ಕದಲ್ಲೇ ಕೂತು ಅದೇ ಹಾಳೆ ಮಡಚೋರು, ಅದೇ ಅಂಟು ಹಚ್ಚೋರು. ಅವರ ದಿನಗೂಲಿ ಬಗ್ಗೆ ಇಷ್ಟು ಸಭೇಲಿ ಯಾರೂ ಬಾಯಿ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಬೇಳೆ ಅಂಗಡೀಲಿ ಅವರಿಗೇನು ಬೇರೆ ರೇಟು ಇದೆಯಾ ಮೇಡಂ?"

ಸಂಧ್ಯಾ ಸಿದ್ಧಮಾಡಿಟ್ಟುಕೊಂಡಿದ್ದ ಯಾವ ಉತ್ತರವೂ ಇದಕ್ಕೆ ಹೊಂದುತ್ತಿರಲಿಲ್ಲ. "ಇದು ಮಾತುಕತೆಯ ವಿಷಯದಲ್ಲೇ ಇರಲಿಲ್ಲ. ಗುತ್ತಿಗೆಯವರ ಕೂಲಿಗೆ ಖರ್ಚಿನ ಬಾಬ್ತೇ ಬೇರೆ" ಎಂದಳು. ಆಮೇಲೆ, "ಸ್ವಲ್ಪ ಹೊತ್ತು ಕೊಡಿ, ಲೆಕ್ಕದ ವಿಭಾಗದಲ್ಲಿ ಕೇಳ್ಕೊಂಡು ಬರ್ತೀನಿ" ಎಂದು ಎದ್ದಳು. ಮೆಟ್ಟಿಲಿಳಿಯುವಾಗ ಅವಳಿಗೆ ಏಕೋ ಓಡಬೇಕೆನಿಸಿತು, ಓಡಿಯೇ ಇಳಿದಳು. ಲೆಕ್ಕದವರು ನೋಡಿ ಹೇಳಿದ ಪ್ರಕಾರ, ಕಾಯಂ ನೌಕರರು ಬಿಟ್ಟುಕೊಡುವ ಶೇಕಡಾ ಒಂದು ಗುತ್ತಿಗೆಯವರ ದಿನಗೂಲಿಯನ್ನು ಗಮನಕ್ಕೆ ಬರುವಷ್ಟು ಏರಿಸಲು ಸಾಕಾಗುತ್ತಿತ್ತು. ಬಾಬ್ತು ಬದಲಿಸಲು ಕೇಂದ್ರ ಕಚೇರಿ ಒಂದು ವಾರ ಸತಾಯಿಸಿ ಒಪ್ಪಿತು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಾರ್ಮಿಕರು ಒಪ್ಪಬೇಕಲ್ಲ. ಪ್ರೆಸ್ಸಿನ ಗೇಟಿನ ಒಳಗೆ ಊಟದ ಬಿಡುವಿನಲ್ಲಿ ಸಭೆ ಸೇರಿತು. ಹಿಂದಿನ ಸಾಲಿನಿಂದ ಮಷಿನ್ ವಿಭಾಗದ ಮಲ್ಲಿಕ್ ಎದ್ದು ನಿಂತ.

"ವೀಣಕ್ಕ, ಹನ್ನೊಂದು ಕೊಡ್ತೀವಿ ಅಂದೋರ ಹತ್ರ ಹತ್ತು ಇಸ್ಕೊಂಡು ಬಂದೋರನ್ನ ನಾನು ಎಲ್ಲೂ ನೋಡಿಲ್ಲ. ನಮ್ಮ ಪಾಲಿಂದು ದಾನ ಮಾಡೋಕೆ ನೀವ್ಯಾರು?"

ಹಲವರು ಹೌದು ಹೌದು ಎಂದರು. ವೀಣಾಳ ಕಿವಿ ಕೆಂಪಾಯಿತು.

"ನಿನ್ನನ್ನ ಕೇಳದೆ ಒಪ್ಪಿಬಿಟ್ಟಿಲ್ಲ ಮಲ್ಲಿಕ್, ಈಗ ಕೇಳ್ತಿದೀನಿ. ಬೇಡ ಅಂದ್ರೆ ಬೇಡ, ಹನ್ನೊಂದನ್ನೇ ತಗೊಳ್ಳೋಣ. ಆದ್ರೆ ಮುಂದಿನ ಸಲ ನಾವು ಮುಷ್ಕರ ಅಂತ ಕೂತಾಗ ಆ ಹೆಂಗಸರು ನಮ್ಮ ಜೊತೆ ಕೂರ್ಬೇಕಾ, ಒಳಗೆ ಹೋಗಿ ಕೆಲಸ ಮಾಡ್ಬೇಕಾ? ಕೂರ್ಬೇಕು ಅಂತಿದ್ರೆ ನಾವು ಅವರಿಗೋಸ್ಕರ ಒಂದು ಸಲನಾದ್ರೂ ಮಾತಾಡಿರ್ಬೇಕಲ್ವಾ?"

ಗುತ್ತಿಗೆ ಹೆಂಗಸರು ದೂರದ ಗೋಡೆಯ ಹತ್ತಿರ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಆ ಸಭೆ ತಮ್ಮದಲ್ಲವೆಂದು ಅವರು ಅತ್ತ ನೋಡುತ್ತಲೂ ಇರಲಿಲ್ಲ. ಈ ಮಾತು ಕಿವಿಗೆ ಬಿದ್ದದ್ದೇ ಜಲಜಮ್ಮ ಎಂಬಾಕೆ ತುತ್ತನ್ನು ಕೈಯಲ್ಲೇ ಹಿಡಿದು ಎದ್ದು ನಿಂತಳು. ಅವಳನ್ನು ನೋಡಿ ಪಕ್ಕದವಳೂ ಎದ್ದಳು, ಆಮೇಲೆ ಎಲ್ಲರೂ ಎದ್ದರು.

ನಾಗಯ್ಯ ಒಡಕು ದನಿಯಲ್ಲಿ, "ಒಪ್ಪೋರು ಕೈ ಎತ್ತಿ" ಎಂದರು. ಕೈಗಳು ಮೇಲೆದ್ದವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು. ಮಲ್ಲಿಕ್ ಎತ್ತಲಿಲ್ಲ. ಸಭೆ ಮುಗಿದ ಮೇಲೆ ಅವನು ವೀಣಾಳ ಹತ್ತಿರ ಬಂದು, "ನನ್ನ ಕೈ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕ. ಮನೇಲಿ ಕಷ್ಟ ಇದೆ" ಎಂದ. "ಗೊತ್ತು ಬಿಡೋ" ಎಂದಳು ಅವಳು.

ಏಪ್ರಿಲ್ ಕೊನೆಗೆ ಸಹಿಯಾಯಿತು. ಆ ಸಂಜೆ ವೀಣಾ ಯಾರೂ ಕರೆಯದೆಯೇ ಕೆಳಗೆ ಬಂದು ತಟ್ಟೆ ಹಾಕಿಕೊಂಡು ಕೂತಳು. ಹಾಲಮ್ಮ ಹಪ್ಪಳ ಕರಿದರು. ಎಣ್ಣೆ ದುಬಾರಿ ಎಂದು ಅವರು ಹಪ್ಪಳದ ಡಬ್ಬಿ ಮುಟ್ಟದೆ ಎಷ್ಟೋ ದಿನವಾಗಿತ್ತು. ಪುಸ್ತಕದ ಲಾರಿಗಳು ಮೇ ತಿಂಗಳಲ್ಲಿ ಹೊರಟವು. ಸಂಧ್ಯಾಳದು ಅಧಿಕಾರಿಗಳ ಶ್ರೇಣಿಯಾದ್ದರಿಂದ ಈ ಒಪ್ಪಂದದಲ್ಲಿ ಅವಳಿಗೆ ಏನೂ ಸಿಗಲಿಲ್ಲ. "ಇಷ್ಟೆಲ್ಲ ಮಾಡಿ ನಿಂಗೇ ಇಲ್ವಾ?" ಎಂದು ಚಂದ್ರು ರೇಗಿಸಿದ. ಅವಳಿಗೆ ಅದು ಅಷ್ಟೇನೂ ಕಾಡಲಿಲ್ಲ.

ಜೂನಿನ ಒಂದು ಭಾನುವಾರ ಎಲ್ಲರೂ ಗಾಜನೂರಿಗೆ ಹೋದರು. ಗುರು ಗೆಳೆಯನ ಕಾರು ತಂದಿದ್ದ. ತುಂಗೆಯಲ್ಲಿ ಹೊಸ ನೀರು ಬಂದಿತ್ತು. ದಿವ್ಯಶ್ರೀ ಅಪ್ಪನ ಜೊತೆ ಅಣೆಕಟ್ಟಿನ ಕಡೆ ಹೋದಳು. ಹಾಲಮ್ಮ ಅಳಿಯನ ಹತ್ತಿರ ಮಂಡಕ್ಕಿಗೆ ಈರುಳ್ಳಿ ಹೆಚ್ಚಿಸಿಕೊಳ್ಳುತ್ತ ಕೂತರು. ಅತ್ತಿಗೆ, ನಾದಿನಿ ದಂಡೆಯ ಕಲ್ಲಿನ ಮೇಲೆ ಕೂತು ಕಾಲು ಚಾಚಿದರು.

"ಒಂದು ಕೇಳ್ಲಾ ಅತ್ತಿಗೆ?"

"ಕೇಳು."

"ಆ ಹನ್ನೊಂದು, ಕೆಲಸ ಹೊರಗೆ ಹೋಗೋ ವಿಷಯ. ನಿಮಗೆ ಮುಂಚೇನೇ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ನಾನು ಮೇಲೆ ಊಟ ಮಾಡ್ತಿದ್ದಾಗೆಲ್ಲ?"

"ಹೂಂ. ಅದಕ್ಕೂ ಮುಂಚೆ ಒಂದೆರಡು ದಿನ."

ವೀಣಾ ಅತ್ತಿಗೆಯ ಭುಜಕ್ಕೆ ಒರಗಿ, "ಪಾಪ" ಎಂದಳು. "ಎಷ್ಟು ಕಷ್ಟ ಆಗಿರ್ಬೇಕು ನಿಮಗೆ."

"ನಿಂಗೆ ಆಗ್ಲಿಲ್ವಾ?"

"ಆಯ್ತು. ಆ ಉಪ್ಪಿಟ್ಟಿಗೆ ಉಪ್ಪು ಹಾಕೋದೇ ಮರ್ತಿದ್ದೆ, ನೀವು ನೋಡ್ತಿದ್ರಿ ಅಂತ ತಿಂದೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಲಿನಿಂದ ಹಾಲಮ್ಮ, ಮಂಡಕ್ಕಿ ಮೆತ್ತಗಾಗುತ್ತೆ ಬರ್ರೇ ಎಂದು ಕೂಗುತ್ತಿದ್ದರು.